ತವರಿಗೆ ಬಂದ ಹೆರಾಲ್ಡ್

ಗಾಡಿ ಮನೆಗೆ ಬಂದ ಮರುದಿನ ಬೆಳಿಗ್ಗೆ ಆರೂವರೆಗೆ, ಮೈಲಾಪುರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ, ಚೋಕ್ ಎಳೆದು ಸೆಲ್ಫ್ ಹೊಡೆದೆ. ಇಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆಕ್ಸಿಲರೇಟರನ್ನು ನಾಲ್ಕು ಸಲ ಚೆನ್ನಾಗಿ ತುಳಿದು ಮತ್ತೆ ಹೊಡೆದೆ. ಈ ಸಲ ಕೆಮ್ಮೂ ಇಲ್ಲ. ಹತ್ತು ನಿಮಿಷ ಇದೇ ನಡೆಯಿತು. ಎರಡನೇ ಮಹಡಿಯ ಮಾಮಿ ಬಾಲ್ಕನಿಗೆ ಬಂದು, ಯಾರದೋ ಮನೆಯ ಗ್ಯಾಸ್ ಸೋರುತ್ತಿದೆ, ಬೇಗ ನೋಡಪ್ಪಾ ಎಂದು ವಾಚ್‌ಮನ್‌ಗೆ ತಮಿಳಿನಲ್ಲಿ ಕೂಗಿ ಹೇಳಿದರು. ಸೋರುತ್ತಿದ್ದದ್ದು ನನ್ನ ಕಾರ್ಬ್ಯುರೇಟರು. ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಇದಕ್ಕೆ ಎಷ್ಟು ಕೊಟ್ಟೆ ಅಂದ್ರಿ?"

ಈಗಿನ ಕಾರಿನಲ್ಲಿ ಇಂಜಿನ್ನಿಗೆ ಎಷ್ಟು ಗಾಳಿ, ಎಷ್ಟು ಪೆಟ್ರೋಲು ಬೇಕೆಂದು ಕಂಪ್ಯೂಟರು ಲೆಕ್ಕ ಹಾಕಿ ಬಡಿಸುತ್ತದೆ. ಕಾರ್ಬ್ಯುರೇಟರಿಗೆ ಲೆಕ್ಕ ಬಾರದು. ಗಾಳಿ ಒಳಹೋಗುವ ಕೊಳವೆಯನ್ನು ಒಂದು ಕಡೆ ಕಿರಿದು ಮಾಡಿರುತ್ತಾರೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಒತ್ತಡ ತಗ್ಗಿದ ಕಡೆ ಸಣ್ಣ ತೂತಿನಿಂದ ಪೆಟ್ರೋಲು ತಾನಾಗಿ ಎದ್ದು ಬಂದು ಗಾಳಿಗೆ ಬೆರೆಯುತ್ತದೆ. ಇಷ್ಟೇ ಅದರ ವಿದ್ಯೆ. ಇಂಜಿನ್ನು ತಣ್ಣಗಿದ್ದಾಗ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಸ್ವಲ್ಪ ಹೆಚ್ಚು ಕೊಡಬೇಕು. ಅದಕ್ಕೇ ಚೋಕು. ನಾನು ಚೋಕನ್ನೂ ಎಳೆದು ಪೆಡಲನ್ನೂ ತುಳಿದು ನಾಲ್ಕೂ ಪ್ಲಗ್ಗುಗಳಿಗೆ ಪೆಟ್ರೋಲಿನಲ್ಲಿ ಎಣ್ಣೆಸ್ನಾನ ಮಾಡಿಸಿದ್ದೆ. ಒದ್ದೆಯಾದ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಚೋಕನ್ನು ಒಳಗೆ ತಳ್ಳಿ, ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಬರೀ ಗಾಳಿ ನುಗ್ಗಿ ಒಣಗುತ್ತದೆ ಎಂದು ಆಮೇಲೆ ನನ್ನ ಮೆಕ್ಯಾನಿಕ್ ಭಾಯಿ ಹೇಳಿಕೊಟ್ಟರು. ಮಾರ್ಗಳಿ ತಿಂಗಳ ನಾಲ್ಕೈದು ಮುಂಜಾವು ಬಿಟ್ಟರೆ ಚೆನ್ನೈಯಲ್ಲಿ ಚೋಕಿಗೆ ಕೆಲಸವೇ ಇಲ್ಲವಂತೆ. "ಈ ಊರಲ್ಲಿ ಚೋಕ್ ಇರೋದು ಅಂದಕ್ಕೆ ಸಾರ್" ಎಂಬುದು ಅವರ ಮಾತು.

ಭಾಯಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಗಾಡಿ.

ಸ್ಟ್ಯಾಂಡರ್ಡ್ ಹೆರಾಲ್ಡ್, 1967ರದು, ಎರಡೇ ಬಾಗಿಲು. ಮೈಸೂರಿನ ಒಂದು ಹಳೆಯ ಮನೆಯ ಶೆಡ್ಡಿನಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕ, ವರ್ಷಗಟ್ಟಲೆ ಮಲಗಿತ್ತು. ಮೈಸೂರಿನ ಒಣ ಹವೆಯ ಪುಣ್ಯ, ತಗಡಿಗೆ ಹೆಚ್ಚು ತುಕ್ಕು ಹಿಡಿದಿರಲಿಲ್ಲ. ಓಡಿಸಿಕೊಂಡು ಬರುವ ಧೈರ್ಯ ಸಾಲದೆ ಲಾರಿಯ ಮೇಲೆ ಹೇರಿಸಿಕೊಂಡು ಬಂದೆ. ಬಾನೆಟ್ ಎತ್ತಿದರೆ ಒಳಗಿನ ತಗಡಿನ ಪಟ್ಟಿಯ ಮೇಲೆ ಮದ್ರಾಸ್ ಎಂದು ಅಚ್ಚೊತ್ತಿದೆ. ನಂಬರ್ ಪ್ಲೇಟು ಶುರುವಾಗುವುದು ಹಳೆಯ ಮೈಸೂರು ರಾಜ್ಯದ ಎಂವೈ ಅಕ್ಷರಗಳಿಂದ. ಮದ್ರಾಸ್ ರಾಜ್ಯ 1969ರಲ್ಲಿ ತಮಿಳುನಾಡಾಯಿತು, ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕವಾಯಿತು, ಮದ್ರಾಸ್ ನಗರ 1996ರಲ್ಲಿ ಚೆನ್ನೈ ಆಯಿತು. ಗಾಡಿಯ ಮೈಮೇಲಿರುವ ಎರಡು ಊರ ಹೆಸರುಗಳಲ್ಲಿ ಒಂದು ನಕ್ಷೆಯಲ್ಲೇ ಇಲ್ಲ, ಇನ್ನೊಂದು ರಾಜ್ಯವಾಗಿ ಉಳಿದಿಲ್ಲ. ಆದರೂ ಗಾಡಿ ಓಡುತ್ತದೆ, ಹೆಚ್ಚುಕಡಿಮೆ.

ಇದು ಹುಟ್ಟಿದ್ದು ಚೆನ್ನೈಯ ದಕ್ಷಿಣಕ್ಕೆ, ಜಿಎಸ್‌ಟಿ ರಸ್ತೆಯ ಪೆರುಂಗಳತ್ತೂರಿನಲ್ಲಿದ್ದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ. ಹಾಗಾಗಿ ಮೈಸೂರಿಗೆ ಕೊಟ್ಟಿದ್ದ ಹೆಣ್ಣುಮಗಳು ಮುಪ್ಪಿನಲ್ಲಿ ತವರಿಗೆ ಬಂದಂತೆ ಎಂದು ನಾನು ಮನೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ. ಬಂದವಳಿಗೆ ಹಟ ಬಹಳ. ಕೊಂಡ ಮೊದಲ ತಿಂಗಳು ಆ ಹಟಗಳನ್ನೆಲ್ಲ ದೋಷವೆಂದೇ ತಿಳಿದು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ಎರಡನೇ ತಿಂಗಳಿಂದ ಅದೇ ಪಟ್ಟಿಯ ಒಂದೊಂದು ಸಾಲನ್ನೂ ಹೊಡೆದುಹಾಕುತ್ತಾ ಬಂದೆ. ರಿಪೇರಿಯಾಯಿತೆಂದಲ್ಲ. ಯಾಕೆ ಹಾಗೆಂದು ಗೊತ್ತಾಯಿತು, ಅದಕ್ಕೆ.

ಬಾನೆಟ್ಟನ್ನೇ ನೋಡಿ. ಬೇರೆ ಕಾರುಗಳಲ್ಲಿ ಬಾನೆಟ್ ಎಂದರೆ ಇಂಜಿನ್ನಿನ ಮೇಲಿನ ಮುಚ್ಚಳ. ಹೆರಾಲ್ಡಿನಲ್ಲಿ ಅಕ್ಕಪಕ್ಕದ ಎರಡು ಕೊಂಡಿ ಬಿಚ್ಚಿ ಎತ್ತಿದರೆ ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆಮೇಲೆ ಎದುರಿಗಿರುವುದು ಬರೀ ಚಾಸಿ, ಎರಡು ಚಕ್ರ, ನಡುವೆ ಒಂದು ಪುಟ್ಟ ಇಂಜಿನ್ನು. ಭಾಯಿ ಮುಂದಿನ ಟೈರಿನ ಮೇಲೆ ಸ್ಟೂಲಿನ ಮೇಲೆ ಕೂತ ಹಾಗೆ ಕೂತು, ಕಾಲ ಪಕ್ಕದಲ್ಲಿ ಟೀ ಗ್ಲಾಸಿಟ್ಟುಕೊಂಡು, ಬೆನ್ನು ಬಾಗಿಸದೆ ಕೆಲಸ ಮಾಡುತ್ತಾರೆ. ಅವರಿಗೆ ನನ್ನ ಗಾಡಿ ಇಷ್ಟವಾಗಲು ಮುಖ್ಯ ಕಾರಣ ಈ ಆಸನವೇ ಎಂದು ನನ್ನ ಅನುಮಾನ.

ಹೀಗೆ ಮಾಡಿದ್ದು ಮೆಕ್ಯಾನಿಕ್‌ಗಳ ಬೆನ್ನುನೋವು ನೋಡಿ ಅಲ್ಲ. ಹೆರಾಲ್ಡಿನ ಮೂಲ ಇಂಗ್ಲೆಂಡಿನ ಕವೆಂಟ್ರಿಯ ಟ್ರಯಂಫ್ ಹೆರಾಲ್ಡ್, 1959ರದು. ಆ ಹೊತ್ತಿಗೆ ಚಾಸಿ, ಬಾಡಿ ಎಂದು ಬೇರೆಬೇರೆ ಇರದೆ ಇಡೀ ಕಾರು ಒಂದೇ ತಗಡಿನ ಡಬ್ಬಿಯಂತೆ ಬರುವ ಪದ್ಧತಿ ಆಗಲೇ ಬಂದಾಗಿತ್ತು. ಆ ಡಬ್ಬಿಗಳನ್ನು ಟ್ರಯಂಫ್‌ನ ಒಡೆಯನಾದ ಸ್ಟ್ಯಾಂಡರ್ಡ್ ಕಂಪನಿಗೆ ಒತ್ತಿಕೊಡುತ್ತಿದ್ದುದು ಫಿಶರ್ ಆ್ಯಂಡ್ ಲಡ್ಲೋ. 1953ರಲ್ಲಿ ಅದನ್ನು ಎದುರಾಳಿಯಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕೊಂಡುಕೊಂಡಿತು. ಹೊಸ ಮಾಡೆಲ್ಲಿಗೆ ಇಡೀ ಬಾಡಿ ಒತ್ತಿಕೊಡುವವರು ಯಾರೂ ಇಲ್ಲ. ಸರಿ, ಹಳೆಯ ಕಾಲದ ಹಾಗೆ ಪ್ರತ್ಯೇಕ ಚಾಸಿ ಮಾಡೋಣ, ಬಾಡಿಯನ್ನು ತುಂಡುತುಂಡಾಗಿ ನಾಲ್ಕು ಕಡೆ ಒತ್ತಿಸಿ ಬೋಲ್ಟ್ ಹಾಕಿ ಜೋಡಿಸೋಣ ಎಂದು ತೀರ್ಮಾನಿಸಿದರು. ಆ ತುಂಡುಗಳಿಗೆ ಚೆಂದದ ಆಕಾರ ಕೊಟ್ಟದ್ದು ಇಟಲಿಯ ಟ್ಯೂರಿನ್ನಿನ ಜೊವಾನಿ ಮಿಕೆಲೊಟ್ಟಿ. ಮೂತಿ ಒಂದು ತುಂಡು, ನಡು ಒಂದು, ಬೆನ್ನು ಒಂದು. ಬಡವನ ಮನೆಯ ಮಗು ಅಕ್ಕನ ಲಂಗ, ಅಣ್ಣನ ಅಂಗಿ ಹಾಕಿಕೊಂಡೂ ಚೆನ್ನಾಗಿ ಕಂಡ ಹಾಗೆ.

ಈ ತುಂಡು ಬಾಡಿಯೇ ಮದ್ರಾಸಿಗೂ ಒದಗಿಬಂದಿರಬೇಕು. ಬಿಡಿಭಾಗ ತರಿಸಿ ಜೋಡಿಸಿ ಮಾರುವುದಷ್ಟೇ ಆದರೆ ಇಲ್ಲಿ ಇರಬೇಡಿ, ಇಲ್ಲೇ ತಯಾರಿಸುವವರು ಮಾತ್ರ ಇರಿ ಎಂದು 1953ರ ಸುಮಾರಿಗೆ ಸರ್ಕಾರ ಹೇಳಿದಾಗ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದ ಮುಖ್ಯ ಕಾರುಗಳು ಮೂರು. ಬಂಗಾಳದ ಉತ್ತರಪಾಡಾದ ಅಂಬಾಸಡರ್, ಬಾಂಬೆಯ ಫಿಯಟ್, ನಮ್ಮ ಮದ್ರಾಸಿನ ಸ್ಟ್ಯಾಂಡರ್ಡ್. ಈ ಮೂವರಲ್ಲಿ ಸ್ಟ್ಯಾಂಡರ್ಡ್ ಯಾವಾಗಲೂ ಕಿರಿಯ ಪಾಲುದಾರ. ಕೆಲವೇ ಸಾವಿರ ಕಾರು ಮಾಡುವವನಿಗೆ ದೈತ್ಯ ಪ್ರೆಸ್ಸಿಗಿಂತ ತುಂಡು ತಗಡಿನ ಕಾರೇ ಸರಿ. 1961ರಲ್ಲಿ ಹೆರಾಲ್ಡ್ ಇಲ್ಲಿಗೆ ಬಂತು. ಇಂಗ್ಲೆಂಡಿನಲ್ಲಿ ಇಂಜಿನ್ನು ಬರಬರುತ್ತ ದೊಡ್ಡದಾಯಿತು. ಇಲ್ಲಿ ಕೊನೆಯವರೆಗೂ 948 ಸಿಸಿಯೇ. ಆದರೆ ನಾವು ಒಂದು ವಿಷಯದಲ್ಲಿ ಇಂಗ್ಲಿಷರನ್ನು ಮೀರಿಸಿದೆವು. ಅರವತ್ತರ ದಶಕದ ಕೊನೆಗೆ ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದೆವು. ಇಂಗ್ಲೆಂಡಿನಲ್ಲಿ ಅಂಥದ್ದು ಇರಲೇ ಇಲ್ಲ.

ಯಾಕೆ ಬೇಕಾಯಿತು ಎಂಬುದು ನನಗೆ ನಮ್ಮ ಅತ್ತೆಯವರನ್ನು ಕಪಾಲೀಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದ ದಿನ ತಿಳಿಯಿತು. ಮುಂದಿನ ಸೀಟನ್ನು ಮಡಚಿ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ತಲೆ ತಗ್ಗಿಸಿ, ಒಂದು ಕಾಲು ಒಳಗೆ ಇನ್ನೊಂದು ಫುಟ್‌ಪಾತಿನ ಮೇಲೆ ಇದ್ದಾಗ ಅವರು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅಂಥ ನೋಟಗಳು ಸಾವಿರಾರು ಸೇರಿ ಆ ನಾಲ್ಕು ಬಾಗಿಲಿನ ಗಾಡಿ ಮಾಡಿಸಿದ್ದು. ವಾಪಸ್ ಬರುವಾಗ ಅವರು ಆಟೊದಲ್ಲಿ ಬಂದರು.

ಅದೇ ದೇವಸ್ಥಾನದ ಮಾಡವೀದಿಗಳಲ್ಲಿ ಹೆರಾಲ್ಡು ತನ್ನ ಮಾನ ಉಳಿಸಿಕೊಂಡದ್ದೂ ನಿಜ. ಇದರ ತಿರುಗುವ ವ್ಯಾಸ 25 ಅಡಿ, ಅಂದರೆ ಏಳೂವರೆ ಮೀಟರ್ ಚಿಲ್ಲರೆ. ಲಂಡನ್ನಿನ ಕಪ್ಪು ಟ್ಯಾಕ್ಸಿಗೆ ಕಡ್ಡಾಯವಾಗಿದ್ದ ಅಳತೆ ಅದೇ. ಬೇರೆ ಕಾರಿನವರು ಮೂರು ಸಲ ಹಿಂದೆಮುಂದೆ ಮಾಡುವ ಕಡೆ ನಾನು ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಗಾಡಿ ಬುಗುರಿಯಂತೆ ಸುತ್ತಿ ಬರುತ್ತದೆ. ಮುಂದಿನ ಚಕ್ರಗಳು ಮುರಿದುಬಿದ್ದವೋ ಎನ್ನುವಷ್ಟು ಅಡ್ಡಕ್ಕೆ ನಿಂತಿರುತ್ತವೆ. ಇದೂ ಆ ಪ್ರತ್ಯೇಕ ಚಾಸಿಯ ಕೊಡುಗೆ. ಚಾಸಿಯ ಉಕ್ಕಿನ ತೊಲೆಗಳು ಮುಂದೆ ಒತ್ತೊತ್ತಾಗಿ ಇರುವುದರಿಂದ ಚಕ್ರ ಹೊರಳಲು ಜಾಗ ಬೇಕಾದಷ್ಟು.

ಹಿಂದಿನ ಚಕ್ರಗಳ ಕಥೆ ಬೇರೆ. ಮೊದಲ ಸಲ ಪಂಕ್ಚರ್ ಆದಾಗ ಜಾಕಿ ಹಾಕಿ ಎತ್ತಿದೆ. ಬಾಡಿ ಮೇಲೆ ಬಂದಂತೆ ಚಕ್ರ ಕೆಳಗೆ ಒಳಮುಖವಾಗಿ ಮಡಚಿಕೊಳ್ಳುತ್ತಾ ಹೋಯಿತು, ಕುರಿ ಮಲಗುವಾಗ ಕಾಲು ಮಡಚುತ್ತದಲ್ಲ ಹಾಗೆ. ಏನೋ ಮುರಿಯಿತೆಂದೇ ತಿಳಿದು ಬೆವರಿದೆ. ಮುರಿದಿರಲಿಲ್ಲ. ಅಂಬಾಸಡರಿನಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್ ಇದ್ದರೆ, ಇಲ್ಲಿ ಆಕ್ಸಲ್ ನಡುವೆ ತುಂಡಾಗಿ, ಎರಡು ರೆಕ್ಕೆಗಳಂತೆ ಒಂದೊಂದೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ. ಮೇಲೆ ಅಡ್ಡಕ್ಕೆ ಒಂದೇ ಒಂದು ಪಟ್ಟಾ ಸ್ಪ್ರಿಂಗು. ಹಳ್ಳ ಬಂದರೆ ಒಂದು ಚಕ್ರ ಮಾತ್ರ ಇಳಿದು ಏಳುತ್ತದೆ, ಇನ್ನೊಂದಕ್ಕೆ ಸುದ್ದಿಯೇ ಇಲ್ಲ. ತಿರುವಿನಲ್ಲಿ ಜೋರು ಹೋಗಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಮಾತ್ರ ಹೊರಗಿನ ಚಕ್ರ ಕಾಲು ಮಡಚಿ ಹಿಂಭಾಗ ಜಾರುತ್ತದೆ. ಇದನ್ನೇ ನಂಬಿ ಶೋಳಾವರಂನ ಹಳೇ ವಿಮಾನದ ಪಟ್ಟಿಯ ಮೇಲೆ ಹುಡುಗರು ಹೆರಾಲ್ಡುಗಳಲ್ಲಿ ರೇಸು ಓಡಿದರು. ನಾನು ಓಡುವುದಿಲ್ಲ. ಹಾಗೆ ಜಾರುವಷ್ಟು ವೇಗಕ್ಕೆ ನನ್ನ ಗಾಡಿ ಇನ್ನೂ ಬಂದಿಲ್ಲ. ಗೆಜೆಲ್ ಎಂದು ಇದರ ತಂಗಿ ಎಪ್ಪತ್ತರ ದಶಕದಲ್ಲಿ ಬಂತು. ಅದಕ್ಕೆ ಗಟ್ಟಿ ಆಕ್ಸಲ್ಲನ್ನೇ ಹಾಕಿದರು. ನಮ್ಮ ರಸ್ತೆಗೆ ರೆಕ್ಕೆಗಿಂತ ದೊಣ್ಣೆ ಮೇಲು ಎಂದು ಯಾರಿಗೋ ಅನ್ನಿಸಿರಬೇಕು.

ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಅಂದರೆ ಗಾಡಿ ಪೂರ್ತಿ ನಿಂತ ಮೇಲೇ ಫಸ್ಟಿಗೆ ಹಾಕಬೇಕು. ಉರುಳುತ್ತಿರುವಾಗ ಹಾಕಿದರೆ ಕರ್ರ್ ಎಂದು ಇಡೀ ಅಣ್ಣಾ ಸಾಲೈ ತಿರುಗಿ ನೋಡುತ್ತದೆ. ಮೂರು ಲೇನಿನಲ್ಲಿ ಐದು ಸಾಲು ತೆವಳುವ ಸಂಜೆಯಲ್ಲಿ ಪೂರ್ತಿ ನಿಲ್ಲುವುದು ಎಂದರೆ ಹಿಂದಿನ ಆಟೊದವನಿಗೆ ಅವಮಾನ ಮಾಡಿದ ಹಾಗೆ. ಕ್ಲಚ್ ಎರಡು ಸಲ ತುಳಿದು, ನಡುವೆ ನ್ಯೂಟ್ರಲ್ಲಿನಲ್ಲಿ ಇಂಜಿನ್ನಿಗೆ ಸ್ವಲ್ಪ ರೇಸ್ ಕೊಟ್ಟು, ಗೇರುಗಳ ವೇಗ ಸಮವಾದ ಆ ಕ್ಷಣದಲ್ಲಿ ಕಡ್ಡಿಯನ್ನು ಜಾರಿಸಬೇಕು. ಹತ್ತರಲ್ಲಿ ಒಂದು ಸಲ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯುತ್ತದೆ. ಆ ಒಂದು ಸಲಕ್ಕೆ ಸಿಗುವ ಸುಖವನ್ನು ಆಟೊಮ್ಯಾಟಿಕ್ ಓಡಿಸುವ ನನ್ನ ಮಗಳಿಗೆ ಹೇಳಲು ಹೋಗಿ ಸೋತಿದ್ದೇನೆ.

ಅವಳೂ ಒಂದು ಪಾಠ ಕಲಿತಳು. ಅಪ್ಪನ ಗಾಡಿಯಲ್ಲಿ ಮೊಬೈಲ್ ಚಾರ್ಜ್ ಆಗಲಿ ಎಂದು ಒಂದು ಸಾಕೆಟ್ ತಂದು ತಾನೇ ವೈರ್ ಜೋಡಿಸಿದಳು. ಟಪ್ ಎಂದಿತು, ಹೊಗೆ ಬಂತು, ಚಾರ್ಜರ್ ಹೋಯಿತು. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತಂತಿ ಬಾಡಿಗೆ ಸೇರಿರುತ್ತದೆ. ನನ್ನ ಗಾಡಿಯಲ್ಲಿ ಪ್ಲಸ್ ಬಾಡಿಗೆ ಸೇರಿದೆ. ಅಂದಿನ ಬ್ರಿಟಿಷ್ ಕಾರುಗಳಲ್ಲಿ ಅದೇ ರೂಢಿ. ಹಾಗೆ ಮಾಡಿದರೆ ವೈರಿನ ತುದಿಗಳಿಗೆ ಕಿಲುಬು ಹಿಡಿಯುವುದು ಕಡಿಮೆ ಎಂಬ ನಂಬಿಕೆ. ಬಲ್ಬಿಗೆ, ಹಾರನ್ನಿಗೆ ಪ್ಲಸ್ಸೋ ಮೈನಸ್ಸೋ ಯಾವುದೂ ಲೆಕ್ಕಕ್ಕಿಲ್ಲ. ಎಲೆಕ್ಟ್ರಾನಿಕ್ಸಿಗೆ ಮಾತ್ರ ಪ್ರಾಣಸಂಕಟ. ಈಗ ಡ್ಯಾಶ್‌ಬೋರ್ಡಿನ ಮೇಲೆ ಅವಳದೇ ಕೈಬರಹದಲ್ಲಿ ಒಂದು ಚೀಟಿ ಅಂಟಿದೆ: "ಇಲ್ಲಿ ಎಲ್ಲಾ ಉಲ್ಟಾ."

ಇನ್ನು ಬಿಸಿಲು. ಮೇ ತಿಂಗಳ ಕತ್ತಿರಿ ಬಿಸಿಲಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ, ಕೆಥೆಡ್ರಲ್ ರಸ್ತೆಯ ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಪೆಟ್ರೋಲು ಇದೆ. ಬ್ಯಾಟರಿ ಇದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಡಿಕ್ಕಿ ತೆಗೆದು ಟ್ಯಾಂಕಿನ ಮೇಲಿನ ರಿಸರ್ವ್ ಲಿವರನ್ನೂ ಎಳೆದು ನೋಡಿದೆ (ಹೌದು, ಸ್ಕೂಟರಿನ ಹಾಗೆ ಈ ಕಾರಿಗೂ ರಿಸರ್ವ್ ಉಂಟು). ಪ್ರಯೋಜನವಿಲ್ಲ. ಒಬ್ಬ ಆಟೊ ಡ್ರೈವರ್ ಇಳಿದು ಬಂದು, ನನ್ನನ್ನು ಕೇಳದೆ ಬಾನೆಟ್ ಮಗುಚಿ, ನನ್ನ ಹೆಗಲ ಮೇಲಿದ್ದ ಟವೆಲ್ ಎಳೆದುಕೊಂಡು, ತನ್ನ ಬಾಟಲಿಯ ನೀರಿನಲ್ಲಿ ನೆನೆಸಿ, ಇಂಜಿನ್ನಿನ ಪಕ್ಕಕ್ಕೆ ಕಚ್ಚಿಕೊಂಡಿರುವ ಫ್ಯೂಯೆಲ್ ಪಂಪಿನ ಸುತ್ತ ಹೊದಿಸಿದ. ಜ್ವರ ಬಂದ ಮಗುವಿನ ಹಣೆಗೆ ತಣ್ಣೀರು ಬಟ್ಟೆ ಹಾಕುತ್ತೇವಲ್ಲ, ಥೇಟ್ ಹಾಗೆ. "ಸೂಡು, ಸಾರ್" ಎಂದ. ಐದು ನಿಮಿಷದಲ್ಲಿ ಗಾಡಿ ಎದ್ದಿತು.

ಆಗಿದ್ದಿಷ್ಟು: ಪಂಪು ಬಿಸಿ ಇಂಜಿನ್ನಿಗೆ ಅಂಟಿಕೊಂಡಿರುವುದರಿಂದ ಒಳಗಿನ ಪೆಟ್ರೋಲು ಕುದಿದು ಆವಿಯಾಗಿತ್ತು. ದ್ರವವನ್ನು ತಳ್ಳಲು ಹುಟ್ಟಿದ ಪಂಪಿಗೆ ಆವಿಯನ್ನು ತಳ್ಳಲು ಬರುವುದಿಲ್ಲ. ಸುಮ್ಮನೆ ಒತ್ತುತ್ತದೆ, ಬಿಡುತ್ತದೆ. ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಜೋರು ಒತ್ತಡದಲ್ಲಿ ತಳ್ಳುವುದರಿಂದ ಈ ರೋಗವಿಲ್ಲ. ಕವೆಂಟ್ರಿಯ ಇಂಜಿನಿಯರಿಗೆ ಕತ್ತಿರಿ ಗೊತ್ತಿರಲಿಲ್ಲ, ಅವನನ್ನು ಬೈದು ಫಲವಿಲ್ಲ.

ಪಂಪು ತಣ್ಣಗಾಗಲೆಂದು ಕಾಯುತ್ತಾ ನಿಂತಿದ್ದ ಜಾಗ ನೋಡಿದರೆ ಸೆಮ್ಮೊಳಿ ಪೂಂಗಾದ ಎದುರು. ಈಗ ಅದು ಉದ್ಯಾನ. ಅದಕ್ಕೂ ಮೊದಲು ಅಲ್ಲಿದ್ದದ್ದು ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ಉಡುಪಿ ಕಡೆಯಿಂದ ಮದ್ರಾಸಿಗೆ ಬಂದು ಹೋಟೆಲ್ ಕೆಲಸದಿಂದಲೇ ಮೇಲೆದ್ದ ಕೆ. ಕೃಷ್ಣರಾಯರು 1962ರಲ್ಲಿ ತೆರೆದದ್ದು. ಹೆರಾಲ್ಡ್ ಬಂದ ಮರುವರ್ಷ. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಸಾಕು, ಬಾಗಿಲಿಗೇ ಟ್ರೇ ಸಿಕ್ಕಿಸಿ ದೋಸೆ, ಕಾಫಿ ಇಟ್ಟುಹೋಗುತ್ತಿದ್ದರು. ಗಾಡಿಯಿಂದ ಇಳಿಯದೆ ತಿನ್ನುವುದು ಅಮೆರಿಕದ ಉಪಾಯ. ಅದರಲ್ಲಿ ಸಾಂಬಾರ್ ಸುರಿದದ್ದು ನಮ್ಮವರು. ನಾನು ಈ ಊರಿಗೆ ಬಂದ ಹೊಸತರಲ್ಲಿ ಬಸ್ಸಿಳಿದು ನಡೆದೇ ಒಳಗೆ ಹೋಗಿ ಕೂರುತ್ತಿದ್ದೆ; ಕಾರಿದ್ದವರ ಟ್ರೇಗಳನ್ನು ನೋಡುತ್ತಾ ಒಂದು ದಿನ ನಾನೂ ಅಂದುಕೊಂಡಿದ್ದೆ. 2008ರಲ್ಲಿ ಅದು ಮುಚ್ಚಿತು, 2010ರಲ್ಲಿ ಉದ್ಯಾನವಾಯಿತು. ಈಗ ಕಾರಿದೆ, ಕಿಟಕಿ ಇದೆ. ಕಿಟಕಿಯ ಗಾಜು ಅರ್ಧಕ್ಕೆ ನಿಂತು ಹಟ ಮಾಡುವುದರಿಂದ ಟ್ರೇ ಸಿಕ್ಕಿಸಲು ಹೇಳಿ ಮಾಡಿಸಿದಂತಿದೆ. ಟ್ರೇ ಇಲ್ಲ.

ಪೆಟ್ರೋಲಿನ ವಿಷಯಕ್ಕೇ ಇನ್ನೆರಡು ಮಾತು, ಯಾಕೆಂದರೆ ಹಳೆಯ ಕಾರು ಕೊಳ್ಳುವ ಯೋಚನೆಯಿರುವ ಓದುಗರಿಗೆ ಇದು ಜೇಬಿನ ಪ್ರಶ್ನೆ. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಅದು ವಿಷ ನಿಜ, ಆದರೆ ಇಂಜಿನ್ನಿನ ಎಗ್ಸಾಸ್ಟ್ ವಾಲ್ವು ಕೂರುವ ಜಾಗಕ್ಕೆ ಒಂದು ತೆಳು ಲೇಪದಂತೆ ಕಾವಲಾಗಿತ್ತು. ಭಾರತದಲ್ಲಿ 2000ದ ಫೆಬ್ರುವರಿಯಿಂದ ಸೀಸದ ಪೆಟ್ರೋಲು ಪೂರ್ತಿ ನಿಂತಿತು, ಒಳ್ಳೆಯದೇ ಆಯಿತು. ಆದರೆ ಮೆದು ಬೀಡಿನ ಹಳೆಯ ವಾಲ್ವ್ ಸೀಟುಗಳು ಕಾವಲಿಲ್ಲದೆ ಸವೆಯುತ್ತವೆ. ಹೆಡ್ ಬಿಚ್ಚಿ ಲೇತ್‌ನವರ ಹತ್ತಿರ ಗಟ್ಟಿ ಲೋಹದ ಉಂಗುರ ಕೂರಿಸಿಬಿಟ್ಟರೆ ಆ ಚಿಂತೆ ಮುಗಿಯಿತು. ಈಗ ಬಂದಿರುವುದು ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲು. ಎಥೆನಾಲು ಗಾಳಿಯ ತೇವ ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಲ್ಲವನ್ನೂ ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸಿದೆ. ತಿಂಗಳುಗಟ್ಟಲೆ ಓಡಿಸದೆ ಈ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬೇಡಿ. ತಳದಲ್ಲಿ ನೀರು ನಿಂತು ಟ್ಯಾಂಕನ್ನೇ ತುಕ್ಕು ತಿನ್ನುತ್ತದೆ. ಅದರಲ್ಲೂ ಈ ಊರಿನಲ್ಲಿ, ಸಮುದ್ರದಿಂದ ಎರಡು ಕಿಲೋಮೀಟರಿನಲ್ಲಿ, ಉಪ್ಪುಗಾಳಿ ದಿನಾ ತೆರಿಗೆ ವಸೂಲಿ ಮಾಡುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಒಳಗೇ ಬೆವರುತ್ತದೆ. ಹತ್ತಿ ಬಟ್ಟೆ ಸಾಕು. ಅಪಾರ್ಟ್‌ಮೆಂಟಿನ ಬೆಕ್ಕು ಅದರ ಮೇಲೆ ಮಲಗುತ್ತದೆ, ಮಲಗಲಿ.

ಭಾಯಿ ಸಿಕ್ಕಿದ್ದು ಪುದುಪೇಟೆಯಲ್ಲಿ. ಕೂವಂ ನದಿಯ ದಡದ ಈ ಪೇಟೆ ಚೆನ್ನೈಯ ಹಳೆ ಗಾಡಿಗಳ ಮೋಕ್ಷಸ್ಥಾನ. ರಸ್ತೆಯ ಎರಡೂ ಕಡೆ ಬಾಗಿಲುಗಳ ರಾಶಿ, ಸ್ಟಿಯರಿಂಗುಗಳ ರಾಶಿ, ನೆಲದಲ್ಲಿ ದಶಕಗಳ ಕರಿ ಎಣ್ಣೆ. ಸೀಟು, ಬೀಡಿಂಗು, ಹೊಸ ಸ್ಪೇರುಗಳಿಗೆ ಮೌಂಟ್ ರೋಡ್ ಹತ್ತಿರದ ಜಿ.ಪಿ. ರೋಡು, ನಮ್ಮ ಬೆಂಗಳೂರಿನ ಜೆ.ಸಿ. ರೋಡ್ ಇದ್ದ ಹಾಗೆ. ಭಾಯಿಗೆ ಎಪ್ಪತ್ತರ ಹತ್ತಿರ. ಹೊಸೂರು ಕಡೆಯವರು, ಕನ್ನಡ ಬರುತ್ತದೆ, ತಮಿಳು ಉರ್ದು ಬೆರೆಸಿ ಮಾತಾಡುತ್ತಾರೆ. ಮೊದಲ ದಿನ ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಒಂದು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಡಾಕ್ಟರು ಸ್ಟೆತಾಸ್ಕೋಪ್ ಇಟ್ಟ ಹಾಗೆ ಕಣ್ಣು ಮುಚ್ಚಿ ಕೇಳಿದರು. "ಟ್ಯಾಪೆಟ್ಟು. ಮೂರನೇದು. ಬೇರೇನೂ ಇಲ್ಲ, ವಯಸ್ಸು."

ಅಂಬಾಸಡರ್, ಫಿಯಟ್ (ಆಮೇಲಿನ ಪದ್ಮಿನಿ) ಕೊಂಡವರಿಗೆ ಪುದುಪೇಟೆಯಲ್ಲಿ ಏನೂ ಕಷ್ಟವಿಲ್ಲ. ಒಂದು 2014ರವರೆಗೆ, ಇನ್ನೊಂದು ಹೊಸ ಶತಮಾನ ಹುಟ್ಟುವವರೆಗೆ ತಯಾರಾಗುತ್ತಿದ್ದ ಕಾರುಗಳು. ಹೆರಾಲ್ಡಿನದು ತಲೆಕೆಳಗಿನ ಲೆಕ್ಕ. ಹುಟ್ಟಿದ ಊರಲ್ಲೇ ಸ್ಪೇರ್ ಇಲ್ಲ, ಇಂಗ್ಲೆಂಡಿನಲ್ಲಿ ಧಾರಾಳವಾಗಿದೆ. ಇದೇ ಚಾಸಿಯನ್ನು ಆಧರಿಸಿ ಅಲ್ಲಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಬಂತು. ಅದಕ್ಕೆ ಅಭಿಮಾನಿಗಳು ಇಂದಿಗೂ ಬಹಳ, ಹಾಗಾಗಿ ಬಿಡಿಭಾಗ ಇಂದಿಗೂ ತಯಾರಾಗುತ್ತವೆ. ಒಂದು ರಬ್ಬರ್ ಬುಷ್ಷಿನ ಬೆಲೆಗಿಂತ ಅದರ ಪ್ರಯಾಣದ ಖರ್ಚು ಮತ್ತು ಸುಂಕ ಹೆಚ್ಚು. ಭಾಯಿಗೆ ಇದು ಒಪ್ಪದು. ಯಾವುದೋ ವ್ಯಾನಿನ ಬುಷ್ ತಂದು, ಅರ್ಧ ಸೂತು ತೇಯಿಸಿ ಹಾಕಿದರೆ ಆಯಿತು ಎನ್ನುತ್ತಾರೆ. ಕೆಲವು ಸಲ ನಾನು ಗೆಲ್ಲುತ್ತೇನೆ. ಹೆಚ್ಚಿನ ಸಲ ವ್ಯಾನು ಗೆಲ್ಲುತ್ತದೆ.

ಕಾಗದಪತ್ರದ ಮಾತು ಹೇಳದಿದ್ದರೆ ಅಂಕಣ ಅರ್ಧವಾಗುತ್ತದೆ. ಕರ್ನಾಟಕದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು. ಮಾಡಿಸಿದರೆ ಟಿಎನ್ ನಂಬರು ಬರುತ್ತದೆ, ಎಂವೈ ಹೋಗುತ್ತದೆ. ಮೇಲಾಗಿ ಐದು ವರ್ಷಕ್ಕೊಮ್ಮೆ ನವೀಕರಣ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದರ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಇನ್ನೊಂದು ದಾರಿಯಿದೆ. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪ ಕೆಡಿಸದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಳೆಯ ನಂಬರು ಉಳಿಸಿಕೊಳ್ಳಬಹುದು. ನಂಬರಿನ ಮೋಹಕ್ಕೆ ನಾನು ಈ ದಾರಿ ಹಿಡಿದೆ. ಷರತ್ತು ಏನೆಂದರೆ ದಿನನಿತ್ಯದ ಓಡಾಟ ಕೂಡದು. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ ರಸ್ತೆಗಿಳಿಯಬೇಕು.

ನಿಯಮ ಬರೆದವರು ಹೆರಾಲ್ಡ್ ಇಟ್ಟುಕೊಂಡಿದ್ದವರೇ ಇರಬೇಕು. ಈ ಗಾಡಿ ರಿಪೇರಿಗೆ ಹೋಗದ ದಿನವೇ ಅಪರೂಪ. ಇನ್ನು ಪೆಟ್ರೋಲು: ಒಂದೇ ಸಲ ಟ್ಯಾಂಕ್ ತುಂಬಿಸಬೇಕೆಂದು ನಿಯಮದಲ್ಲಿ ಎಲ್ಲೂ ಇಲ್ಲವಲ್ಲ. ಭಾನುವಾರ ಬೆಳಿಗ್ಗೆ ಎರಡು ಲೀಟರ್ ಹಾಕಿಸಿಕೊಂಡು ಬರುತ್ತೇನೆಂದು ಹೊರಡುತ್ತೇನೆ. ಯಾವ ಬಂಕಿನ ಪೆಟ್ರೋಲು ಒಳ್ಳೆಯದು ಎಂಬ ವಿಷಯದಲ್ಲಿ ನಾನು ಸ್ವಲ್ಪ ಚೂಸಿ.

ಹಾಗೆ ಒಂದು ಭಾನುವಾರ ಪೆರುಂಗಳತ್ತೂರಿನವರೆಗೂ ಒಳ್ಳೆಯ ಪೆಟ್ರೋಲು ಹುಡುಕಿಕೊಂಡು ಹೋದೆ. ಕಾರ್ಖಾನೆ 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂಬ ದೊಡ್ಡ ಕಾರು ತಂದು, ಹೊಸ ಕಾಲದ ಕಾರುಗಳೆದುರು ನಿಲ್ಲಲಾರದೆ, 1988ರ ಹೊತ್ತಿಗೆ ತಯಾರಿಕೆ ನಿಲ್ಲಿಸಿತು. ಈಗ ಆ ಜಾಗದಲ್ಲಿ ಐಟಿ ಕಟ್ಟಡಗಳು ಗಾಜು ಹೊದ್ದು ನಿಂತಿವೆ. ಗೇಟಿನ ಎದುರು ಗಾಡಿ ನಿಲ್ಲಿಸಿ ಒಂದು ಫೋಟೊ ತೆಗೆದು, ಸ್ಟೇಷನ್ ಪಕ್ಕದ ಟೀ ಅಂಗಡಿಯಲ್ಲಿ ಕೂತಿದ್ದೆ. ವೇಷ್ಟಿ ಉಟ್ಟ, ಎಂಬತ್ತರ ಆಸುಪಾಸಿನ ಒಬ್ಬರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಬಾಗಿಲ ಬಳಿ ನಿಂತರು. ಬಾಗಿಲಿಗೂ ಬಾನೆಟ್ಟಿಗೂ ನಡುವಿನ ಸಂದು ಮೇಲೆ ಒಂದು ಬೆರಳಗಲ, ಕೆಳಗೆ ಅರ್ಧ ಬೆರಳು. ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಹೊಡೆದುಹಾಕದೆ ಉಳಿದಿದ್ದ ಸಾಲು ಅದೇ. ಟಿಂಕರಿಂಗ್‌ನವನು ಬಡಿದು ಸರಿ ಮಾಡುತ್ತೇನೆಂದು ದಿನವನ್ನೂ ಗೊತ್ತು ಮಾಡಿದ್ದ.

ಅವರು ಆ ಸಂದಿನಲ್ಲಿ ಹೆಬ್ಬೆರಳಿನ ಉಗುರು ಓಡಿಸಿ, ತಮಿಳಿನಲ್ಲಿ ಕೇಳಿದರು, "ಅರ್ಧ ಇಂಚಿನ ಸ್ಪ್ಯಾನರ್ ಇದೆಯಾ ತಂಬಿ?" ಅರವತ್ತು ದಾಟಿದ ನನ್ನನ್ನು ತಂಬಿ ಎಂದವರು ಬಹಳ ದಿನದ ಮೇಲೆ ಸಿಕ್ಕಿದ್ದರು. ಕೊಟ್ಟೆ. ಬಾನೆಟ್ಟನ್ನು ತಾವೇ ಮಗುಚಿದರು. ಕೊಂಡಿ ಎಲ್ಲಿದೆಯೆಂದು ಹುಡುಕಲಿಲ್ಲ. ಮುಂದಿನ ಕೀಲಿನ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ, ಒಂದು ವಾಷರ್ ತೆಗೆದು ನನ್ನ ಅಂಗೈಯಲ್ಲಿಟ್ಟು, ಮುಚ್ಚಿ, ಸೊಂಟದಿಂದ ಮೆತ್ತಗೆ ಒಂದು ಒತ್ತು ಕೊಟ್ಟು ಬಿಗಿ ಮಾಡಿದರು. ಸಂದು ಮೇಲಿಂದ ಕೆಳಕ್ಕೆ ದಾರ ಹಿಡಿದ ಹಾಗೆ ಬಂತು. ಬೋಲ್ಟಿನ ಗಾಡಿಯನ್ನು ಬಡಿಯಬಾರದು, ಬಿಚ್ಚಬೇಕು ಎಂದರು. ಇದೇ ರಸ್ತೆಯ ಆಚೆ ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದರಂತೆ. ಎಷ್ಟು ಗಾಡಿಗೆ ಎಂದು ಕೇಳಿದೆ. ನಕ್ಕರು.

"ಎಲ್ಲಿಗೆ ಹೊರಟಿದ್ದೀರಿ ಈಗ?"

"ಪೆಟ್ರೋಲ್ ಹಾಕಿಸೋದಕ್ಕೆ" ಎಂದೆ, ಅಭ್ಯಾಸಬಲದಿಂದ.

ಅವರು ಕಿಟಕಿಯೊಳಗೆ ಬಗ್ಗಿ ಮೀಟರ್ ನೋಡಿದರು. ಮುಳ್ಳು ಮುಕ್ಕಾಲಿನ ಮೇಲಿತ್ತು. ಏನೂ ಹೇಳಲಿಲ್ಲ. ಆಚೆ ಕಡೆಯ ಬಾಗಿಲನ್ನು ತುಸು ಮೇಲಕ್ಕೆತ್ತಿ ತೆರೆದು, ವೇಷ್ಟಿ ಸರಿಮಾಡಿಕೊಂಡು ಕೂತು, ಅದನ್ನು ಮತ್ತೆ ತುಸು ಎತ್ತಿ ಮುಚ್ಚಿದರು. ನನಗೆ ಒಂದೇ ಸಲಕ್ಕೆ ಒಂದು ದಿನವೂ ಮುಚ್ಚದ ಬಾಗಿಲು ಟಕ್ ಎಂದು ಕೂತಿತು.

"ತಾಂಬರಂ ಆಚೆ ಒಂದು ಬಂಕ್ ಇದೆ, ನಡೀರಿ" ಎಂದರು.